ಗಿರಣಿಯೊಳಗಿನ ರಥಶಾಲೆ

ನಮ್ಮ ಚಾಮರಾಜಪೇಟೆಯವರಿಗೆ ಬಿನ್ನಿ ಗಿರಣಿಯ ಕೂಗೇ ಗಡಿಯಾರವಾಗಿದ್ದ ಕಾಲವೊಂದಿತ್ತು. ಅದು ಕೂಗಿದರೆ ಮನೆಯಲ್ಲಿ ಅನ್ನಕ್ಕೆ ಎಸರಿಡುತ್ತಿದ್ದರು. ಹುಡುಗರಾದ ನಾವು ಪುಸ್ತಕ ಹುಡುಕುತ್ತಿದ್ದೆವು. ಆ ಗಿರಣಿ ಈಗ ಇಲ್ಲ. ಒಮ್ಮೊಮ್ಮೆ ಭಾನುವಾರ ನಗರದಲ್ಲಿ ಹಳೆಯ ಮೋಟಾರುಗಳ ಮೆರವಣಿಗೆ ಹೊರಡುತ್ತದೆ. ಉಜ್ಜಿ ಹೊಳಪಿಟ್ಟ ಆ ಗಾಡಿಗಳನ್ನು ಕಂಡು ಎಲ್ಲರಂತೆ ನಾನೂ ಹಿಗ್ಗುತ್ತೇನೆ. ಆಗೆಲ್ಲ ನನಗೆ ನೆನಪಾಗುವವನು ಫ್ರಿಟ್ಸ್ ಶ್ಲುಂಫ್. ಗಿರಣಿಯ ಕೂಗನ್ನೂ ಮೋಟಾರಿನ ಮೋಹವನ್ನೂ ಒಂದೇ ಬಾಳಿನಲ್ಲಿ ಹೆಣೆದುಕೊಂಡವನು ಆತ.

ಫ್ರಿಟ್ಸ್ ಹುಟ್ಟಿದ್ದು 1906ರಲ್ಲಿ, ಇಟಲಿಯಲ್ಲಿ. ಅಣ್ಣ ಹಾನ್ಸ್ ಆತನಿಗಿಂತ ಎರಡು ವರ್ಷ ಹಿರಿಯ. ತಂದೆ ಸ್ವಿಟ್ಜರ್ಲೆಂಡಿನವನು, ತಾಯಿ ಫ್ರಾನ್ಸಿನ ಗಡಿಸೀಮೆಯಾದ ಆಲ್ಸಾಸ್ ಪ್ರಾಂತದ ಮುಲೂಸ್ ಪಟ್ಟಣದವಳು. ಮಕ್ಕಳು ಬೆಳೆದದ್ದು ತಾಯಿಯ ಊರಿನಲ್ಲಿ. ಉಣ್ಣೆಯ ದಲ್ಲಾಳಿಯಾಗಿ ಬಾಳನ್ನಾರಂಭಿಸಿದ ಫ್ರಿಟ್ಸ್, 1935ರಲ್ಲಿ ಅಣ್ಣನೊಡನೆ ಕಂಪನಿ ಕಟ್ಟಿ, ಕಾಲಕ್ರಮದಲ್ಲಿ ಹಲವು ಗಿರಣಿಗಳ ಒಡೆಯನಾದ.

ಅದೇ ಆಲ್ಸಾಸಿನ ಮೋಲ್ಸೈಮ್‌ನಲ್ಲಿ ಎತ್ತೋರೆ ಬುಗಾಟಿ ಎಂಬ ಮಹಾಶಿಲ್ಪಿಯ ಮೋಟಾರು ಕಾರ್ಖಾನೆಯಿತ್ತು. ಶಿಲ್ಪಿ ಎಂದದ್ದು ಅತಿಶಯವಲ್ಲ. ಆತ ಕಲಾವಿದರ ಮನೆತನದವನು, ಯಂತ್ರದಲ್ಲಿಯೂ ರೂಪವನ್ನು ಅರಸಿದವನು. ಎರಡನೆಯ ಮಹಾಯುದ್ಧಕ್ಕೆ ಮುನ್ನವೇ ಫ್ರಿಟ್ಸ್ ಬುಗಾಟಿಯ ಪಂದ್ಯದ ಗಾಡಿಯೊಂದನ್ನು ಕೊಂಡ. ಆ ಮೋಹ ಮತ್ತೆ ಆತನನ್ನು ಬಿಡಲಿಲ್ಲ.

1947ರಲ್ಲಿ ಬುಗಾಟಿ ತೀರಿಕೊಂಡ, ಕಾರ್ಖಾನೆಯೂ ಕ್ಷೀಣಿಸಿತು. ಜನ ಮರೆಯುತ್ತಿದ್ದ ಗಾಡಿಗಳನ್ನು ಫ್ರಿಟ್ಸ್ ದೇಶದೇಶಗಳಿಂದ ತರಿಸತೊಡಗಿದ. 1964ರಲ್ಲಿ ಅಮೆರಿಕದ ಸಂಗ್ರಾಹಕನೊಬ್ಬನಿಂದ 30 ಬುಗಾಟಿಗಳನ್ನು ಒಂದೇ ಬಾರಿಗೆ ಕೊಂಡ. ಬುಗಾಟಿ ರಾಜಮಹಾರಾಜರಿಗಾಗಿ ನಿರ್ಮಿಸಿದ ‘ರಾಯಲ್’ ಗಾಡಿಗಳು ಲೋಕದಲ್ಲಿ ಆರೇ ಆರು. ಅವುಗಳಲ್ಲಿ ಎರಡು ಫ್ರಿಟ್ಸನ ಕೈಸೇರಿದವು.

ಮುಲೂಸ್‌ನ ಹಳೆಯ ಉಣ್ಣೆ ಗಿರಣಿಯೊಂದರಲ್ಲಿ ಗುಟ್ಟಾಗಿ ಜೀರ್ಣೋದ್ಧಾರ ನಡೆಯಿತು. ಬಡಗಿಗಳು, ಚರ್ಮದ ಕೆಲಸದವರು, ನುರಿತ ಮೆಕ್ಯಾನಿಕರು ವರ್ಷಗಟ್ಟಲೆ ದುಡಿದರು. ಹೊರಗೆ ಬಾಯಿ ಬಿಡುವಂತಿರಲಿಲ್ಲ. ಪ್ಯಾರಿಸಿನ ಸೇತುವೆಯ ದೀಪಸ್ತಂಭಗಳ ಮಾದರಿಯಲ್ಲಿ ನೂರಾರು ಕಂಬಗಳು ಎದ್ದವು. ಎಲ್ಲವನ್ನೂ ತಾಯಿಯ ನೆನಪಿಗೆ ಅರ್ಪಿಸಲಾಯಿತು. ಆದರೆ ಊರಿನವರಿಗೆ ಬಾಗಿಲು ತೆರೆಯಲಿಲ್ಲ.

ಇತ್ತ ಬಟ್ಟೆಯ ಉದ್ಯಮಕ್ಕೆ ಕೆಟ್ಟ ಕಾಲ ಬಂದಿತು. 1976ರಲ್ಲಿ ಶ್ಲುಂಫ್ ಗಿರಣಿಗಳು ಕುಸಿದವು. ಕೆಲಸ ಕಳೆದುಕೊಂಡವರು ಮುಷ್ಕರ ಹೂಡಿದರು. ಸೋದರರು ಗಡಿ ದಾಟಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ಸೇರಿದರು. 1977ರ ಮಾರ್ಚಿಯಲ್ಲಿ ಕಾರ್ಮಿಕರು ಆ ಗಿರಣಿಯನ್ನು ಹೊಕ್ಕು ನೋಡುತ್ತಾರೆ, ಸಾಲುಸಾಲಾಗಿ ನೂರಾರು ಗಾಡಿಗಳು! ತಮ್ಮ ಕೂಲಿ ಎಲ್ಲಿ ಹೋಯಿತೆಂಬುದಕ್ಕೆ ಉತ್ತರವೇ ಎದುರಿಗೆ ನಿಂತಂತೆ ಅವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಸಿಟ್ಟಿನಲ್ಲಿ ಸಣ್ಣ ಗಾಡಿಯೊಂದನ್ನು ಸುಟ್ಟದ್ದುಂಟು. ಉಳಿದವನ್ನು ಮುಟ್ಟಲಿಲ್ಲ. ಬಾಗಿಲು ತೆಗೆದು, ಸುಮಾರು ಎರಡು ವರ್ಷ ಕಾಲ ಜನರಿಗೆಲ್ಲ ತೋರಿಸಿದರು. 1978ರಲ್ಲಿ ಫ್ರೆಂಚ್ ಸರ್ಕಾರ ಆ ಸಂಗ್ರಹವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು. 1982ರಲ್ಲಿ ಅದು ರಾಷ್ಟ್ರೀಯ ವಸ್ತುಸಂಗ್ರಹಾಲಯವಾಯಿತು. ಅದರ ಹೆಸರಿನಲ್ಲಿ ಈಗ ಶ್ಲುಂಫ್ ಎಂಬ ಹೆಸರೂ ಸೇರಿದೆ. ಹಾನ್ಸ್ 1989ರಲ್ಲಿಯೂ ಫ್ರಿಟ್ಸ್ 1992ರಲ್ಲಿಯೂ ತೀರಿಕೊಂಡರು.

ಈತನನ್ನು ಹೊಗಳಬೇಕೆ, ತೆಗಳಬೇಕೆ? ಆತನ ಮೋಹವಿಲ್ಲದಿದ್ದರೆ ಎಷ್ಟೋ ಗಾಡಿಗಳು ತುಕ್ಕು ಹಿಡಿದು ಗುಜರಿಗೆ ಹೋಗುತ್ತಿದ್ದುವು, ಇದನ್ನು ಒಪ್ಪಲೇಬೇಕು. ಆದರೆ ಗಿರಣಿ ಮುಚ್ಚಿದ ಕೇರಿಗಳಲ್ಲಿ ಒಲೆ ಹೇಗೆ ತಣ್ಣಗಾಗುತ್ತದೆಂಬುದನ್ನು ಬಲ್ಲ ನಾನು ಆತನನ್ನು ಪೂರ್ತಿಯಾಗಿ ಕ್ಷಮಿಸಲಾರೆ. ಮುರಿದ ಯಂತ್ರವನ್ನು ಅಷ್ಟು ಅಕ್ಕರೆಯಿಂದ ಸರಿಪಡಿಸಿದವನ ಕಣ್ಣಿಗೆ ಮಗ್ಗದ ಮುಂದೆ ನಿಂತಿದ್ದ ಮನುಷ್ಯ ಏಕೆ ಬೀಳಲಿಲ್ಲ?

ತೇರಿಗೆ ಶೋಭೆ ಬರುವುದು ಅದು ಬೀದಿಗೆ ಬಂದಾಗ. ಫ್ರಿಟ್ಸ್ ತೇರನ್ನು ಸಿಂಗರಿಸಿ ಒಳಗೇ ನಿಲ್ಲಿಸಿದ. ಅದನ್ನು ಹೊರಗೆಳೆದು ಲೋಕಕ್ಕೆ ತೋರಿಸಿದವರು, ಕೂಲಿಯಿಲ್ಲದೆ ನಿಂತಿದ್ದ ಕೈಗಳು. ಇಂದು ಮುಲೂಸ್‌ಗೆ ಹೋಗಿ ಆ ಗಾಡಿಗಳನ್ನು ಕಂಡು ಬೆರಗಾಗುವವರು ಈ ಇಬ್ಬರಿಗೂ ಋಣಿಗಳು.