ಅಕ್ಷರಕ್ಕೆ ರಾಜಠೀವಿ ತಂದ ಬೊಡೋನಿ

ಒಂದು ಗೆರೆ ಕಂಬದಂತೆ ದಪ್ಪ, ಪಕ್ಕದ ಗೆರೆ ಕೂದಲೆಳೆಯಷ್ಟು ತೆಳು, ತುದಿಗಳಲ್ಲಿ ನೇರವಾದ ಸಣ್ಣ ಅಡ್ಡಗೆರೆ. ಪುಸ್ತಕದ ಮುಖಪುಟ, ಭಿತ್ತಿಪತ್ರ, ಜಾಹೀರಾತುಗಳಿಗೆ ಹಳೆಯ ಕಾಲದ ಠೀವಿ ಬೇಕಾದಾಗ ವಿನ್ಯಾಸಕಾರರು ಇಂದಿಗೂ ಮೊರೆಹೋಗುವ ಈ ಇಂಗ್ಲಿಷ್ ಅಕ್ಷರ ಮಾದರಿಯ ಹೆಸರು ಬೊಡೋನಿ. ಇಟಲಿಯ ಮುದ್ರಕ ಜಾಂಬಟ್ಟಿಸ್ಟಾ ಬೊಡೋನಿಯಿಂದ ಬಂದ ಹೆಸರದು.

ಉತ್ತರ ಇಟಲಿಯ ಸಲೂಟ್ಸೊ ಪಟ್ಟಣದಲ್ಲಿ 1740ರಲ್ಲಿ ಜನಿಸಿದ ಬೊಡೋನಿಗೆ ಅಚ್ಚುಕೂಟದ ಕೆಲಸ ತಂದೆಯಿಂದ ಬಂದ ಬಳುವಳಿ. 18ರ ಹರೆಯದಲ್ಲಿ ರೋಮ್ ಸೇರಿದ ಆತ ಕ್ಯಾಥೊಲಿಕ್ ಧರ್ಮಪ್ರಚಾರ ಸಂಸ್ಥೆಯ ಮುದ್ರಣಾಲಯದಲ್ಲಿ ದುಡಿದ. ಪೌರ್ವಾತ್ಯ ಭಾಷೆಗಳ ಹಳೆಯ ಅಚ್ಚುಗಳನ್ನು ಶುಚಿಗೊಳಿಸಿ ವಿಂಗಡಿಸುವ ಕಾಯಕದಲ್ಲೇ ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರ ಕೆತ್ತುವ ವಿದ್ಯೆ ಆತನಿಗೆ ಒಲಿಯಿತು.

ಇಂಗ್ಲೆಂಡಿನ ಮುದ್ರಕ ಜಾನ್ ಬಾಸ್ಕರ್‌ವಿಲ್‌ನ ಖ್ಯಾತಿಗೆ ಮಾರುಹೋದ ಬೊಡೋನಿ 1766ರಲ್ಲಿ ಆ ದೇಶದತ್ತ ಹೊರಟ. ಆದರೆ ಹಾದಿಯಲ್ಲಿ ಹುಟ್ಟೂರಿಗೆ ಬಂದಾಗ ಜ್ವರ ಆತನನ್ನು ಹಾಸಿಗೆಗೆ ಕೆಡವಿತು. ಇಂಗ್ಲೆಂಡ್ ಕನಸಾಗಿಯೇ ಉಳಿಯಿತು. 1768ರಲ್ಲಿ ಪಾರ್ಮಾದ ಡ್ಯೂಕ್ ಫರ್ಡಿನಾಂಡ್‌ನ ರಾಜಮುದ್ರಣಾಲಯದ ಹೊಣೆ ಅರಸಿಕೊಂಡು ಬಂತು.

ಆರಂಭದಲ್ಲಿ ಆತ ಬಳಸಿದ್ದು ಪ್ಯಾರಿಸ್‌ನ ಫೂರ್ನಿಯೇ ರೂಪಿಸಿದ ಅಚ್ಚುಮೊಳೆಗಳನ್ನು. 1771ರ ಮಾದರಿ ಪುಸ್ತಕದ ಹೂಬಳ್ಳಿಯ ಅಲಂಕಾರದಲ್ಲೂ ಅದೇ ಛಾಯೆ ಇತ್ತು. ಕ್ರಮೇಣ ಹೂಬಳ್ಳಿ ಕಡಿಮೆಯಾಗಿ, ಅಕ್ಷರವೇ ಅಲಂಕಾರವಾಯಿತು. ಅಗಲವಾದ ಅಂಚು, ಸಾಲುಗಳ ನಡುವೆ ಧಾರಾಳ ಬಿಳಿ ಜಾಗ, ನುಣುಪಾದ ಕಾಗದ, ಕಡುಗಪ್ಪು ಶಾಯಿ ಆತನ ಪುಟಗಳ ಗುರುತಾದವು.

ಟೀಕೆಗಳೂ ಬಂದವು. ಪುಟದ ಚೆಲುವಿಗೆ ಕೊಟ್ಟ ಗಮನವನ್ನು ಆತ ಪಾಠದ ಶುದ್ಧತೆಗೆ ಕೊಡಲಿಲ್ಲವೆಂಬುದು ವಿದ್ವಾಂಸರ ಆಕ್ಷೇಪ. ಆತನ ಪುಸ್ತಕಗಳು ಓದುವುದಕ್ಕಿಂತ ನೋಡುವುದಕ್ಕೇ ಹೆಚ್ಚು ಎಂಬ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಸಣ್ಣ ಗಾತ್ರದಲ್ಲಿ ಈ ಅಕ್ಷರದ ತೆಳು ಗೆರೆಗಳು ಮಸುಕಾಗುತ್ತವೆ; ದೊಡ್ಡದಾದಷ್ಟೂ ಅದರ ಸೊಬಗು ಹೆಚ್ಚು. ಶೀರ್ಷಿಕೆಗಳಲ್ಲಿ ಅದು ನೆಲೆಯೂರಿದ್ದು ಇದೇ ಕಾರಣಕ್ಕೆ.

ರೋಮ್‌ನಿಂದ ಆಹ್ವಾನ ಬಂದಾಗ ಬೊಡೋನಿಯನ್ನು ಕಳೆದುಕೊಳ್ಳಲೊಲ್ಲದ ಡ್ಯೂಕ್, ಸ್ವಂತ ಮುದ್ರಣಾಲಯ ನಡೆಸಲು ಅನುಮತಿ ನೀಡಿದ. 1806ರಲ್ಲಿ ಕ್ರೈಸ್ತರ ಪ್ರಾರ್ಥನೆಯೊಂದನ್ನು 155 ಭಾಷೆಗಳಲ್ಲಿ ಅಚ್ಚು ಹಾಕಿದ ಸಾಹಸ ಆತನದು.

ಜೀವಮಾನದ ಅಕ್ಷರ ಸಂಪತ್ತನ್ನೆಲ್ಲ ಒಂದೆಡೆ ತರುವ ಮಹಾಗ್ರಂಥ ಬೊಡೋನಿಯ ಕೊನೆಯ ಹಂಬಲ. 1788ರಲ್ಲಿ ಪ್ರಕಟಿಸಿದ್ದ ಕೈಪಿಡಿಯನ್ನು ವಿಸ್ತರಿಸುತ್ತಿದ್ದಾಗಲೇ, 1813ರ ನವೆಂಬರ್ 30ರಂದು ಆತ ಪಾರ್ಮಾದಲ್ಲಿ ಕಣ್ಮುಚ್ಚಿದ. ಪತ್ನಿ ಮಾರ್ಗರಿಟಾ ಕೈಚೆಲ್ಲಿ ಕೂರಲಿಲ್ಲ. ಅಚ್ಚುಕೂಟದ ಮೇಲ್ವಿಚಾರಕ ಲುಯಿಜಿ ಓರ್ಸಿಯ ನೆರವಿನೊಂದಿಗೆ ಕೆಲಸ ಮುಂದುವರಿಸಿ, 1818ರಲ್ಲಿ ಎರಡು ಸಂಪುಟಗಳನ್ನು ಹೊರತಂದರು.

20ನೇ ಶತಮಾನದ ಆರಂಭದಲ್ಲಿ ಅಮೆರಿಕದ ವಿನ್ಯಾಸಕಾರ ಮಾರಿಸ್ ಫುಲ್ಲರ್ ಬೆಂಟನ್ ಈ ಅಕ್ಷರಕ್ಕೆ ಮರುಜೀವ ನೀಡಿದ. ಬೊಡೋನಿ ಬಳಸಿದ ಉಕ್ಕಿನ ಅಚ್ಚುಗಳು ಪಾರ್ಮಾದ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿವೆ. ಗಣಕದ ಫಾಂಟ್ ಪಟ್ಟಿಯಲ್ಲಿ ಆತನ ಹೆಸರು ಉಳಿದಿರುವುದರಲ್ಲಿ ಮಾರ್ಗರಿಟಾ ಪಟ್ಟ ಶ್ರಮದ ಪಾಲೂ ಇದೆ.