ಹೃದಯ ಒತ್ತುವುದನ್ನು ಜಗತ್ತಿಗೆ ಕಲಿಸಿದ ವಿದ್ಯುತ್ ಎಂಜಿನಿಯರ್

ಮಳೆಗಾಲದಲ್ಲಿ ಹೊಸನಗರ ತಾಲೂಕಿನ ಹುಂಚದಂತಹ ಊರುಗಳಲ್ಲಿ ಮರ ಬಿದ್ದು ವಿದ್ಯುತ್ ತಂತಿ ತುಂಡಾಗುವುದು ಹೊಸ ಸಂಗತಿಯಲ್ಲ. ಗಾಳಿ ಮಳೆಯ ನಡುವೆ ಕಂಬ ಹತ್ತುವ ಲೈನ್‌ಮನ್, ಅಡಿಕೆ ತೋಟದಲ್ಲಿ ಲೋಹದ ದೋಟಿ ಎತ್ತುವ ಕಾರ್ಮಿಕ ಇಬ್ಬರಿಗೂ ಮೃತ್ಯು ಗೇಣು ದೂರದಲ್ಲೇ ಇರುತ್ತದೆ. ಹುಂಚದಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ನಿಂತುಹೋದ ಹೃದಯ ಅಷ್ಟು ಹೊತ್ತು ಕಾಯುವುದಿಲ್ಲ. ರಕ್ತ ಸಂಚಾರ ಸ್ಥಗಿತಗೊಂಡ ನಾಲ್ಕೈದು ನಿಮಿಷಗಳಲ್ಲಿ ಮೆದುಳು ಹಾನಿಗೊಳ್ಳತೊಡಗುತ್ತದೆ. ಆ ಕೆಲವು ನಿಮಿಷಗಳನ್ನು ಸಾಮಾನ್ಯ ಮನುಷ್ಯನ ಕೈಗೆ ಒಪ್ಪಿಸಿದವರಲ್ಲಿ ಹಿರಿಯರು ವೈದ್ಯರಾಗಿರಲಿಲ್ಲ. ಅವರು ವಿದ್ಯುತ್ ಎಂಜಿನಿಯರ್ ವಿಲಿಯಂ ಬೆನೆಟ್ ಕೌವೆನ್‌ಹೋವನ್.

1886ರ ಜನವರಿ 13ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಜನಿಸಿದ ಕೌವೆನ್‌ಹೋವನ್, ಅಲ್ಲಿಯೇ ಎಂಜಿನಿಯರಿಂಗ್ ಓದಿ, ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಡಾಕ್ಟರೇಟ್ ಪಡೆದರು. 1914ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಸೇರಿದ ಮೇಲೆ ಅದೇ ಅವರ ಕರ್ಮಭೂಮಿಯಾಯಿತು. ಪ್ರಾಧ್ಯಾಪಕರಾಗಿ, ಎಂಜಿನಿಯರಿಂಗ್ ವಿಭಾಗದ ಡೀನ್ ಆಗಿ ಹೆಸರು ಗಳಿಸಿದರು. ಅಷ್ಟಕ್ಕೇ ನಿಂತಿದ್ದರೆ ಅವರ ಹೆಸರು ಇಂದು ವಿದ್ಯುತ್ ಮಾಪನದ ಹಳೆಯ ಪ್ರಬಂಧಗಳಲ್ಲಷ್ಟೇ ಉಳಿಯುತ್ತಿತ್ತು.

ದಾರಿ ತಿರುಗಿದ್ದು 1920ರ ದಶಕದ ಕೊನೆಯಲ್ಲಿ. ಅಮೆರಿಕದ ನಗರಗಳಿಗೆ ತಂತಿ ಹಬ್ಬಿದಂತೆ ಲೈನ್‌ಮನ್‌ಗಳ ಸಾವೂ ಹೆಚ್ಚಿತು. ವಿದ್ಯುತ್ ಕಂಪನಿಗಳು ಕಾರಣ ಹುಡುಕಲು ಹಣ ಕೊಟ್ಟವು. ಕೌವೆನ್‌ಹೋವನ್ ಶರೀರಶಾಸ್ತ್ರಜ್ಞ ಡೊನಾಲ್ಡ್ ಹೂಕರ್ ಹಾಗೂ ನರವಿಜ್ಞಾನಿ ಆರ್ಥೆಲೊ ಲ್ಯಾಂಗ್‌ವರ್ದಿ ಅವರೊಡನೆ ಕೆಲಸಕ್ಕೆ ಇಳಿದರು. ವಿದ್ಯುತ್ ತಗುಲಿದವನ ಹೃದಯ ಹಲವೊಮ್ಮೆ ಸ್ತಬ್ಧವಾಗುವುದಿಲ್ಲ, ಲಯ ತಪ್ಪಿ ವ್ಯರ್ಥವಾಗಿ ಕಂಪಿಸುತ್ತದೆ. ಅದಕ್ಕೆ ಇನ್ನೊಂದು ಪ್ರಬಲ ಆಘಾತ ಕೊಟ್ಟರೆ ಲಯ ಮರಳಬಹುದು ಎಂಬುದನ್ನು ತಂಡವು 1933ರಲ್ಲಿ ನಾಯಿಗಳ ಮೇಲೆ ತೋರಿಸಿತು. ಜಿನೀವಾದಲ್ಲಿ ಪ್ರೆವೊ ಮತ್ತು ಬ್ಯಾಟೆಲಿ 1899ರಲ್ಲೇ ಇದನ್ನು ಕಂಡಿದ್ದರು, ಲೋಕ ಮರೆತಿತ್ತು. ಕೊಲ್ಲುವ ವಿದ್ಯುತ್ತೇ ಬದುಕಿಸಬಲ್ಲದು ಎಂಬುದನ್ನು ವೈದ್ಯಲೋಕ ಒಪ್ಪಲು ಇನ್ನೂ ಬಹಳ ಕಾಲ ಬೇಕಾಯಿತು.

1948ರಲ್ಲಿ ಜೋಗದ ವಿದ್ಯುದಾಗಾರ ಕಾರ್ಯಾರಂಭ ಮಾಡಿ ಶರಾವತಿಯ ಬೆಳಕು ನಾಡಿಗೆ ಹರಿಯತೊಡಗಿತು. ಆಗ ಜಗತ್ತಿನ ಯಾವ ಮೂಲೆಯಲ್ಲಿ ಲೈನ್‌ಮನ್ ಬಿದ್ದರೂ ಜೊತೆಗಾರರಿಗೆ ಗೊತ್ತಿದ್ದುದು ಬೆನ್ನು ಒತ್ತಿ, ತೋಳು ಎತ್ತಿ ಉಸಿರಾಡಿಸುವ ಕ್ರಮ ಮಾತ್ರ. ನಿಂತ ಹೃದಯಕ್ಕೆ ಅದರಿಂದ ಪ್ರಯೋಜನವಿರಲಿಲ್ಲ. ಆಸ್ಪತ್ರೆಯಲ್ಲಾದರೆ ಶಸ್ತ್ರವೈದ್ಯರು ಎದೆ ಸೀಳಿ ಹೃದಯವನ್ನು ಮುಷ್ಟಿಯಲ್ಲಿ ಹಿಡಿದು ಹಿಂಡುತ್ತಿದ್ದರು. ಕಂಬದ ಬುಡದಲ್ಲಿ ಅದು ಆಗುವ ಕೆಲಸವೇ?

1950ರ ದಶಕದಲ್ಲಿ, ನಿವೃತ್ತಿಯ ವಯಸ್ಸಿನಲ್ಲಿ, ಕೌವೆನ್‌ಹೋವನ್ ಎದೆ ಸೀಳದೆ ಹೊರಗಿನಿಂದಲೇ ಆಘಾತ ನೀಡುವ ಯಂತ್ರ ಸಿದ್ಧಪಡಿಸುವುದರಲ್ಲಿ ಮುಳುಗಿದ್ದರು. ದೊಡ್ಡ ಶೋಧ ಬಂದದ್ದು ಆ ಯಂತ್ರದ ಪಕ್ಕದಿಂದ, ಅನಿರೀಕ್ಷಿತವಾಗಿ. 1958ರಲ್ಲಿ ಅವರ ಶಿಷ್ಯ ಗೈ ನಿಕರ್‌ಬಾಕರ್ ಪ್ರಯೋಗದ ನಾಯಿಯ ಎದೆಗೆ ಯಂತ್ರದ ಭಾರವಾದ ಲೋಹದ ಫಲಕಗಳನ್ನು ಒತ್ತಿದಾಗ ರಕ್ತದೊತ್ತಡದ ಗೆರೆ ಮೇಲೇರಿತು. ವಿದ್ಯುತ್ ಇನ್ನೂ ಹರಿದಿರಲಿಲ್ಲ. ಬರೀ ಒತ್ತಿದ್ದಕ್ಕೇ ರಕ್ತ ಚಲಿಸಿತ್ತು! ಕಣ್ತಪ್ಪಿ ಹೋಗಬಹುದಾಗಿದ್ದ ಆ ಗೆರೆಯನ್ನು ಶಿಷ್ಯ ಗಮನಿಸಿದ, ಗುರು ಅದನ್ನು ತಳ್ಳಿಹಾಕಲಿಲ್ಲ. ಎಪ್ಪತ್ತು ದಾಟಿದ ಪ್ರಾಧ್ಯಾಪಕರೊಬ್ಬರು ತಮ್ಮ ಯಂತ್ರವನ್ನು ಬದಿಗಿಟ್ಟು ಬರಿಗೈಯ ಹಿಂದೆ ಬಿದ್ದದ್ದು ಸಣ್ಣ ಮಾತಲ್ಲ.

ಯುವ ಶಸ್ತ್ರವೈದ್ಯ ಜೇಮ್ಸ್ ಜೂಡ್ ಜೊತೆಗೂಡಿದರು. ಎಲ್ಲಿ ಒತ್ತಬೇಕು, ಎಷ್ಟು ಆಳ, ಎಷ್ಟು ವೇಗ ಎಂಬುದನ್ನು ಮೂವರೂ ಅಳೆದರು. 1960ರ ಜುಲೈ 9ರಂದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. 20 ರೋಗಿಗಳಲ್ಲಿ 14 ಮಂದಿ ಬದುಕಿದ್ದರು. ಈ ಚಿಕಿತ್ಸೆಗೆ ಎರಡು ಕೈಗಳ ಹೊರತು ಬೇರೇನೂ ಬೇಡ, ಯಾರಾದರೂ ಎಲ್ಲಿಯಾದರೂ ಮಾಡಬಹುದು ಎಂಬುದು ಲೇಖನದ ತಿರುಳು. ಅದೇ ವರ್ಷ ಪೀಟರ್ ಸಫರ್ ಅವರ ಬಾಯಿಂದ ಬಾಯಿಗೆ ಉಸಿರು ತುಂಬುವ ವಿಧಾನ ಇದರೊಡನೆ ಬೆಸೆದು ಇಂದಿನ ಸಿಪಿಆರ್ ರೂಪುಗೊಂಡಿತು. ಜರ್ಮನಿಯ ಫ್ರೀಡ್ರಿಕ್ ಮಾಸ್ 1890ರ ದಶಕದ ಆರಂಭದಲ್ಲೇ ಎದೆ ಒತ್ತಿ ರೋಗಿಗಳನ್ನು ಉಳಿಸಿದ್ದರು. ಅವರನ್ನೂ ಮರೆತವರು ವೈದ್ಯರೇ.

ವೈದ್ಯಕೀಯ ಪದವಿಯಿಲ್ಲದ ಕೌವೆನ್‌ಹೋವನ್‌ರಿಗೆ 1969ರಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ತನ್ನ ಮೊದಲ ಗೌರವ ಎಂ.ಡಿ. ಪ್ರದಾನ ಮಾಡಿತು. ಆಗ ಅವರಿಗೆ 83 ವರ್ಷ. 1973ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. 1975ರ ನವೆಂಬರ್ 10ರಂದು ನಿಧನರಾದರು.

ಅವರ ಕೊನೆಗಾಲದಲ್ಲೇ ಅವರ ವಿದ್ಯೆ ದೂರವಾಣಿ ತಂತಿಯನ್ನೂ ಏರಿತು. 1970ರ ದಶಕದ ಮಧ್ಯದಲ್ಲಿ ಅಮೆರಿಕದ ಫೀನಿಕ್ಸ್ ಅಗ್ನಿಶಾಮಕ ಇಲಾಖೆಯವರು ಕರೆ ಮಾಡಿದವರಿಗೆ ಫೋನಿನಲ್ಲೇ ಸೂಚನೆ ಕೊಡತೊಡಗಿದರು. 1980ರ ದಶಕದಲ್ಲಿ ಸಿಯಾಟಲ್ ಸುತ್ತಲಿನ ಕಿಂಗ್ ಕೌಂಟಿ ಅದಕ್ಕೊಂದು ಶಿಸ್ತು ತಂದಿತು. ಫೋನ್ ಎತ್ತಿದವರು ಕೇಳುವುದು ಎರಡೇ ಪ್ರಶ್ನೆ: ಪ್ರಜ್ಞೆ ಇದೆಯೇ, ಉಸಿರಾಟ ಸಹಜವಾಗಿದೆಯೇ. ಎರಡಕ್ಕೂ ಇಲ್ಲವೆಂದರೆ ಎದೆಯ ನಡುವೆ ಕೈಯಿಟ್ಟು ಒತ್ತಲು ಹೇಳಿ, ಆಂಬುಲೆನ್ಸ್ ತಲುಪುವವರೆಗೆ ಲೆಕ್ಕ ಎಣಿಸುತ್ತಾರೆ. ನಿಮಿಷಕ್ಕೆ 100ರಿಂದ 120 ಬಾರಿ, 5 ಸೆಂ.ಮೀ. ಆಳ. ಸಾಯುತ್ತಿರುವವನು ಬಿಟ್ಟು ಬಿಟ್ಟು ಎಳೆಯುವ ಏದುಸಿರನ್ನು ಉಸಿರಾಟವೆಂದು ಭಾವಿಸಿ ಜನ ಮೋಸಹೋಗುವುದೇ ಇಲ್ಲಿನ ದೊಡ್ಡ ತೊಡಕು. ಫೋನಿನ ಸೂಚನೆಯಲ್ಲಿ ಉಸಿರು ತುಂಬುವುದನ್ನು ಕೈಬಿಟ್ಟು ಎದೆ ಮಾತ್ರ ಒತ್ತಿಸಿದರೂ ಫಲಿತಾಂಶ ಕಡಿಮೆಯಾಗದು ಎಂದು ಸಿಯಾಟಲ್‌ನ ಅಧ್ಯಯನವೊಂದು 2000ದಲ್ಲಿ ತೋರಿಸಿತು. ಕೌವೆನ್‌ಹೋವನ್‌ರ ಎರಡು ಕೈಗಳ ಮಾತು 40 ವರ್ಷಗಳ ಬಳಿಕ ಹೀಗೆ ಮತ್ತೆ ನಿಜವಾಯಿತು.

ಕರ್ನಾಟಕಕ್ಕೆ 108 ಸೇವೆ 'ಆರೋಗ್ಯ ಕವಚ' ಬಂದದ್ದು 2008ರ ನವೆಂಬರ್ 1ರಂದು. ಪದ್ಮಾವತಿ ಅಮ್ಮನವರ ದರ್ಶನಕ್ಕೆ ಭಕ್ತರು ಸೇರುವ ಹುಂಚದಲ್ಲಾಗಲಿ, ಸುತ್ತಲಿನ ತೋಟದ ಒಂಟಿ ಮನೆಗಳಲ್ಲಾಗಲಿ ವಾಹನ ಬರುವ ಮೊದಲಿನ ನಿಮಿಷಗಳು ಹತ್ತಿರದಲ್ಲಿದ್ದವರವೇ. ಫೋನನ್ನು ಲೌಡ್‌ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟರೆ ಎರಡೂ ಕೈ ಬಿಡುವಾಗುತ್ತವೆ. ಆದರೆ ತಂತಿ ತಗುಲಿ ಬಿದ್ದವನಾದರೆ, ವಿದ್ಯುತ್ ಸಂಪರ್ಕ ಕಡಿದದ್ದು ಖಚಿತವಾಗುವ ತನಕ ಅವನನ್ನು ಮುಟ್ಟುವಂತಿಲ್ಲ.