ಶಾಲಾ ತನಿಖಾಧಿಕಾರಿ ಓದಿಸಿದ ಕಲ್ಲುಗಳು

ಶಾಸನಗಳ ಮಾತು ಬಂದಾಗಲೆಲ್ಲ ಬಿ.ಎಲ್. ರೈಸ್ ಅವರ ಹೆಸರು ಬರುತ್ತದೆ. ಅವರು ಮೊದಲು ಶಾಲೆಯ ಮೇಷ್ಟರಾಗಿದ್ದವರೆಂಬುದು ಹಲವರಿಗೆ ತಿಳಿಯದು.

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲೇ. ತಂದೆ ಕ್ರೈಸ್ತ ಮಿಷನರಿ. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಮರಳಿದ ರೈಸ್, ಬೆಂಗಳೂರಿನ ಹೈಸ್ಕೂಲೊಂದರ ಮುಖ್ಯೋಪಾಧ್ಯಾಯರಾದರು. ಮುಂದೆ ಶಾಲೆಗಳ ತನಿಖೆಗೆಂದು ಊರೂರು ತಿರುಗುವಾಗ ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಪಂಡಿತರ ನೆರವಿನಿಂದ ಅವನ್ನು ಓದಿಸಿದರು, ಪ್ರತಿ ಮಾಡಿಸಿದರು.

1886ರಿಂದ ಒಂದೊಂದಾಗಿ ಹೊರಬಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. 1905ರ ಒಂಬತ್ತನೆಯ ಸಂಪುಟ ನಮ್ಮ ಬೆಂಗಳೂರು ಜಿಲ್ಲೆಯದು. ಇಂದಿನ ಎಲೆಕ್ಟ್ರಾನಿಕ್ ಸಿಟಿಯ ದಾರಿಯಲ್ಲಿರುವ ಬೇಗೂರಿನ ವೀರಗಲ್ಲೂ ಅದರಲ್ಲಿದೆ. ಗಂಗರ ಕಾಲದಲ್ಲಿ ನಾಗತ್ತರನೆಂಬ ವೀರ ಕಾಳಗದಲ್ಲಿ ಮಡಿದ ಸಂಗತಿಯನ್ನು ಆ ಕಲ್ಲು ಹೇಳುತ್ತದೆ. ಅರಸರ ಹೆಸರಿನ ಜೊತೆಗೆ ಕೆರೆ ಕಟ್ಟಿಸಿದವರು, ಗುಡಿಗೆ ಭೂಮಿ ಬಿಟ್ಟವರು, ದನ ಕಾಯಲು ಹೋಗಿ ಪ್ರಾಣ ಕೊಟ್ಟವರು ನಮಗೆ ಸಿಗುವುದು ಇಂಥ ಕಲ್ಲುಗಳಲ್ಲಿಯೇ.

1906ರಲ್ಲಿ ನಿವೃತ್ತರಾದ ರೈಸ್, 1927ರಲ್ಲಿ ಇಂಗ್ಲೆಂಡಿನ ಹ್ಯಾರೋದಲ್ಲಿ ತೀರಿಕೊಂಡರು. ಆಮೇಲೆ ಹೊಲಗಳು ಬಡಾವಣೆಗಳಾದವು, ಕಾರ್ಖಾನೆಗಳೆದ್ದವು. ಎಷ್ಟೋ ಕಲ್ಲುಗಳು ಮಣ್ಣುಪಾಲಾದವು. ಅವುಗಳ ಮೇಲಿದ್ದ ಹೆಸರುಗಳು ಇಂದು ಉಳಿದಿರುವುದು ಆ ಸಂಪುಟದ ಪುಟಗಳಲ್ಲಿ. ಇನ್ನೂ ನಿಂತಿರುವ ಕಲ್ಲಿಗೆ ಸುಣ್ಣ ಬಳಿಯದೆ, ಅದನ್ನು ಕಿತ್ತು ಚರಂಡಿಗೆ ಹಾಸದೆ ಕಾಯುವ ಕೆಲಸ ಊರಿನದು. ಅದನ್ನು ಓದಲು ಮಕ್ಕಳಿಗೆ ಕಲಿಸುವ ಕೆಲಸ ಶಾಲೆಯದು.